ದಿಣ್ಣೆಯ ಆಚೆಗಿನ ನೀರು

ಮರವಂತೆಯ ಕುಷ್ಟ ಮರಕಾಲರು ನೌಕಾಪಡೆಯಲ್ಲಿ ಹದಿನೈದು ವರ್ಷ ದುಡಿದು ಊರಿಗೆ ಬಂದವರು. ಪಡೆಯ ದಾಖಲೆಯಲ್ಲಿ ಅವರ ಹೆಸರು ಕೃಷ್ಣ ಎಂದಿದೆ, ಊರಿನಲ್ಲಿ ಹಾಗೆ ಕರೆದವರು ಯಾರೂ ಇಲ್ಲ. ಬಂದ ಮೇಲೆ ಮೂವತ್ತು ವರ್ಷ ಸ್ವಂತ ದೋಣಿಯಲ್ಲಿ ಮೀನು ಹಿಡಿದರು. ಈಗ ಎಪ್ಪತ್ತೈದಾಯಿತು, ಕಡಲಿಗೆ ಹೋಗುವುದನ್ನು ಬಿಟ್ಟಿದ್ದಾರೆ.

ಎಪ್ಪತ್ತೊಂದರ ಯುದ್ಧ ಗೆದ್ದ ನೆನಪಿಗೆ ಪ್ರತಿ ಡಿಸೆಂಬರ್ ಹದಿನಾರರಂದು ಬ್ರಹ್ಮಾವರದಲ್ಲಿ ನಿವೃತ್ತ ಸೈನಿಕರ ಸಣ್ಣದೊಂದು ಸಭೆ ನಡೆಯುತ್ತದೆ. ಕುಷ್ಟರನ್ನು ಅದಕ್ಕೆ ಕರೆಯದ ವರ್ಷವಿಲ್ಲ. ಆದರೆ ಅವರು ಒಂದು ವರ್ಷವೂ ಹೋದದ್ದಿಲ್ಲ. ಈ ಸಲ ಸಭೆಯ ಕಾರ್ಯದರ್ಶಿ ಸುಧಾಕರ ಶೆಟ್ಟರು ತಾವೇ ಕಾರು ಬಿಟ್ಟುಕೊಂಡು ಮನೆಗೆ ಬಂದರು. ಅವರು ಭೂಸೇನೆಯಲ್ಲಿ ಹವಾಲ್ದಾರರಾಗಿದ್ದವರು, ಕುಷ್ಟರಿಗಿಂತ ಹದಿನೈದು ವರ್ಷ ಕಿರಿಯರು.

“ಕುಷ್ಟಣ್ಣ, ಹಡಗಿಂದ ಸೈನ್ಯ ಇಳ್ದದ್ದ್ ಕಣ್ಣಾರೆ ಕಂಡವ್ರ್ ಈ ಬದಿಯಲ್ ನೀವ್ ಒಬ್ರೇ. ಈ ವರ್ಷ ಶಾಲಿ ಮಕ್ಳೂ ಬತ್ರ್. ಹತ್ತ್ ನಿಮಿಷ ಮಾತಾಡಿ, ಸಾಕ್.”

“ನಂಗೆ ಮಾತಾಡುಕೆ ಬತ್ತಿಲ್ಲ ಮಾರಾಯ.”

“ನೀವ್ ಒಬ್ಬ ಗೂರ್ಖಾನ ನೀರಿಂದ ಎಳ್ದ್ ಬದ್ಕ್ಸಿದ್ರಿ ಅಲ್ದಾ? ಅದನ್ನೇ ಹೇಳಿ.”

ಆ ಕತೆ ಊರಿಗೆಲ್ಲ ಗೊತ್ತಿತ್ತು. ಅದಕ್ಕೆ ಸಿಕ್ಕ ಪ್ರಶಂಸಾಪತ್ರಕ್ಕೆ ಹೆಂಡತಿ ಜಲಜ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದರು. ಅವರೇ ಒಳಗಿಂದ ಚಾ ತಂದಿಟ್ಟು ಹೇಳಿದರು, “ಈ ಸಲ ಹೋಯ್ ಬನಿ. ಎಷ್ಟ್ ವರ್ಷ ಇಲ್ಲ ಅಂಬ್ದ್? ನಾನೂ ಬತ್ತೆ.”

ಕುಷ್ಟರು ಚಾ ಕುಡಿದಿಟ್ಟು, ಆಯಿತು ಎಂದರು.

ಒಪ್ಪಿದ್ದಕ್ಕೆ ಕಾರಣ ಹೆಂಡತಿಯ ಮಾತಲ್ಲ. ನವೆಂಬರಿನಲ್ಲಿ ಮರವಂತೆಯ ಕಡಲಿಗಿಳಿದ ಪರವೂರಿನ ಯುವಕನೊಬ್ಬ ಮುಳುಗಿ ಸತ್ತಿದ್ದ. ಹುಡುಕಲು ಬಂದವರ ಜೊತೆ ಕರಾವಳಿ ಕಾವಲು ಪೊಲೀಸ್ ಸಬ್‌ ಇನ್ಸ್‌ಪೆಕ್ಟರ್ ಧನ್ಯಶ್ರೀ ಇದ್ದಳು. ಆಕೆ ಬಾರಕೂರು ಕಡೆಯ ಗದ್ದೆ ಮಾಡುವವರ ಮನೆಯ ಮಗಳು, ಕೆಲಸಕ್ಕೆ ಸೇರಿ ಎರಡು ವರ್ಷವಾಗಿತ್ತು. ಕುಷ್ಟರು ದಡದಲ್ಲಿ ನಿಂತು ಕೈ ತೋರಿಸಿ, “ಇಲ್ಲಿಂದ ತೆಂಕ ಬದಿಗೆ ಕಾಣಿ” ಎಂದಿದ್ದರು. ಹೆಣ ಅಲ್ಲೇ ಸಿಕ್ಕಿತು. ಹೇಗೆ ಗೊತ್ತಾಯಿತು ಅಜ್ಜಯ್ಯ ಎಂದು ಧನ್ಯಶ್ರೀ ಕೇಳಿದಾಗ ಅವರು ಉತ್ತರ ಕೊಡದೆ ಮನೆಗೆ ಬಂದಿದ್ದರು. ಆಮೇಲೆ ಒಂದು ವಾರ ಅವರಿಗೆ ಊಟ ಸರಿ ಸೇರಿರಲಿಲ್ಲ.

ಸಭೆಯಲ್ಲಿ ಅರವತ್ತು ಎಪ್ಪತ್ತು ಜನ ಇದ್ದರು. ಮುಂದಿನ ಸಾಲುಗಳಲ್ಲಿ ಶಾಲೆಯ ಮಕ್ಕಳು, ಹಿಂದೆ ಗೋಡೆಯ ಬದಿಯಲ್ಲಿ ಸಮವಸ್ತ್ರದಲ್ಲಿ ಧನ್ಯಶ್ರೀ. ಆಕೆಯ ಠಾಣೆಗೂ ಆಮಂತ್ರಣ ಹೋಗಿತ್ತು. ಸುಧಾಕರರು ಮಕ್ಕಳಿಗೆ ಆ ದಿನದ ಮಹತ್ವ ಹೇಳಿ ಮೈಕನ್ನು ಕುಷ್ಟರ ಕೈಗೆ ಕೊಟ್ಟರು.

ಕುಷ್ಟರು ಮೊದಲಿನಿಂದ ಹೇಳಿದರು. ಆಗ ಅವರಿಗೆ ಇಪ್ಪತ್ತೊಂದು. ಅವರಿದ್ದ ಹಡಗು ಸೈನಿಕರನ್ನೂ ವಾಹನಗಳನ್ನೂ ಕಡಲತಡಿಗೆ ಇಳಿಸುವಂಥದ್ದು. ಅದರ ಮೂತಿ ಬಾಗಿಲಿನ ಹಾಗೆ ತೆರೆದುಕೊಂಡು ಒಳಗಿನಿಂದ ಇಳಿಜಾರು ಹಲಗೆಯೊಂದು ನೀರಿಗೆ ಚಾಚುತ್ತಿತ್ತು. ಪೂರ್ವ ಪಾಕಿಸ್ತಾನದ ತೆಂಕಣ ತುದಿಯಲ್ಲಿ, ಕಾಕ್ಸ್ ಬಜಾರ್ ಹತ್ತಿರ, ಗೂರ್ಖಾ ಸೈನಿಕರನ್ನು ಇಳಿಸಿ ಶತ್ರುಗಳು ಬರ್ಮಾ ಕಡೆ ತಪ್ಪಿಸಿಕೊಳ್ಳುವ ದಾರಿ ಕಟ್ಟಬೇಕಿತ್ತು. ಕುಷ್ಟರು ಮಾತಾಡಿಸಿದ ಸೈನಿಕರೆಲ್ಲ ಬೆಟ್ಟದ ಕಡೆಯವರು. ಅಷ್ಟು ನೀರನ್ನು ಅವರು ನೋಡಿದ್ದೇ ಆ ಪ್ರಯಾಣದಲ್ಲಿ. ಎರಡು ದಿನ ವಾಂತಿ ಮಾಡಿಕೊಂಡು ಬಂದಿದ್ದರು.

ಹಡಗು ದಡ ಮುಟ್ಟುವ ಮೊದಲೇ ನೀರಿನಡಿಯ ಮರಳಿನ ದಿಣ್ಣೆಯೊಂದಕ್ಕೆ ತಾಗಿ ನಿಂತಿತು. ದಿಣ್ಣೆಯ ಮೇಲೆ ಅಲೆ ಬೆಳ್ಳಗೆ ಒಡೆಯುತ್ತಿತ್ತು. ದಡದಲ್ಲೂ ಒಡೆಯುತ್ತಿತ್ತು. ನಡುವೆ ಮಾತ್ರ ಅಲೆ ಒಡೆಯದ, ಬಣ್ಣ ಕಪ್ಪಾದ ಒಂದು ಪಟ್ಟಿ ಇತ್ತು.

“ನಾನ್ ಮೂತಿ ಬದಿಯಲ್ ಹಗ್ಗ ಹಿಡ್ಕಂಡ್ ನಿಂತಿದ್ದೆ” ಎಂದರು ಕುಷ್ಟರು. “ಅದ್ ಕಂಡ್ ಕೂಡ್ಲೇ ನಂಗ್ ಗೊತ್ತಾಯ್ತ್, ಅಲ್ ಗುಂಡಿ ಇತ್ತ್ ಅಂದೇಳಿ. ಸಣ್ಣ ಪ್ರಾಯ್ದಿಂದ ಕಂಡದ್ದ್ ಅಲ್ದಾ. ಆದ್ರೆ ನಾನ್ ಹೇಳ್ಲಿಲ್ಲ.”

ಸಭೆಯಲ್ಲಿ ಯಾರೋ ಕೆಮ್ಮಿದರು.

“ದೊಡ್ಡೋರಿಗೆ ಗೊತ್ತಿರ್ದೇ ಇರತ್ತಾ ಅಂದ್ಕಂಡೆ. ಹಿಂದಿ ಸಮ ಬತ್ತಿರ್ಲಿಲ್ಲ. ತಪ್ಪ್ ಹೇಳಿ ಎಲ್ರೂ ನಗಾಡಿದ್ರೆ ಅಂದೇಳಿ ಹೆದ್ರಿಕೆ. ಬಾಯ್ ಬಿಡುಕೆ ಒಂದ್ ನಿಮಿಷ ಸಾಕಿದ್ದಿತ್ತ್. ಆ ಒಂದ್ ನಿಮಿಷ ನಾನ್ ಸುಮ್ನೇ ನಿಂತೆ.”

ಮೊದಲು ಇಳಿದ ಇಬ್ಬರು ಬೆನ್ನಿಗೆ ಹೊರೆ, ಕೈಯಲ್ಲಿ ಬಂದೂಕು ಹೊತ್ತು ಎದೆಮಟ್ಟದ ನೀರಿನಲ್ಲಿ ಹತ್ತು ಹೆಜ್ಜೆ ನಡೆದರು. ಆಮೇಲೆ ಅವರ ತಲೆ ಕಾಣಲಿಲ್ಲ. ಕುಷ್ಟರು ಹಗ್ಗದ ತುದಿ ಸೊಂಟಕ್ಕೆ ಸುತ್ತಿಕೊಂಡು ಹಾರಿದರು. ಒಬ್ಬನ ಕಾಲರು ಕೈಗೆ ಸಿಕ್ಕಿತು, ಅವನನ್ನು ಎಳೆದರು. ಇನ್ನೊಬ್ಬನ ಕೈ ಅವರ ಮೊಣಕಾಲಿಗೆ ತಾಗಿ ಜಾರಿಹೋಯಿತು. ಮತ್ತೆ ಮುಳುಗಿ ತಡಕಿದರೂ ಅವನು ಸಿಗಲಿಲ್ಲ. ಉಳಿದ ಸೈನಿಕರನ್ನು ಆಮೇಲೆ ದೋಣಿಗಳಲ್ಲಿ ದಡಕ್ಕೆ ಸಾಗಿಸಿದರು. ದಡದಲ್ಲಿ ಶತ್ರುಗಳು ಯಾರೂ ಇರಲಿಲ್ಲ. ಅಷ್ಟರಲ್ಲಿ ಯುದ್ಧವೇ ಮುಗಿದಿತ್ತು.

“ಬದ್ಕಿದವನ ಲೆಕ್ಕಕ್ಕೆ ನಂಗೆ ಕಾಗ್ದ ಕೊಟ್ರ್. ಇನ್ನೊಬ್ಬನ ಹೆಸ್ರೂ ನಂಗ್ ಗೊತ್ತಿಲ್ಲ. ಇಷ್ಟೇ.” ಅವರು ಮೈಕು ಕೆಳಗಿಟ್ಟರು.

ಚಪ್ಪಾಳೆ ತಟ್ಟಬೇಕೋ ಬೇಡವೋ ಎಂದು ಮಕ್ಕಳು ಮೇಷ್ಟ್ರ ಮುಖ ನೋಡಿದರು. ಸುಧಾಕರರು ಶಾಲು ಕೈಯಲ್ಲಿ ಹಿಡಿದುಕೊಂಡು ಬಂದು, ಹೊದಿಸಲೋ ಬೇಡವೋ ಎಂದು ನಿಂತರು. ಆಗ ಹಿಂದಿನಿಂದ ಧನ್ಯಶ್ರೀ ಕೈ ಎತ್ತಿದಳು.

“ಅಜ್ಜಯ್ಯ, ಆ ಗುಂಡಿ ಗುರ್ತ್ ಹಿಡಿಯುದ್ ಹ್ಯಾಂಗಂದೇಳಿ ನಮ್ಗೆ ಹೇಳಿಕೊಡ್ತ್ರಾ? ನಮ್ ಹುಡ್ಗರಲ್ ಸುಮಾರ್ ಜನ್ರಿಗೆ ಗೊತ್ತಿಲ್ಲ. ನಂಗೂ ಗೊತ್ತಿಲ್ಲ.”

ಕುಷ್ಟರು ಆಕೆಯನ್ನು ನೋಡಿದರು. ಬೈಗುಳವೋ ಸಮಾಧಾನವೋ ಬಂದೀತು ಎಂದುಕೊಂಡಿದ್ದವರಿಗೆ ಈ ಪ್ರಶ್ನೆ ಅನಿರೀಕ್ಷಿತವಾಗಿತ್ತು. “ಶನಿವಾರ ಬೆಳಿಗ್ಗೆ ಬನಿ” ಎಂದರು.

ಸುಧಾಕರರ ಕಾರಿನಲ್ಲಿ ಹಿಂದಿರುಗುವಾಗ ಜಲಜ ಕಿಟಕಿಯ ಕಡೆ ಮುಖ ಮಾಡಿ ಕುಳಿತಿದ್ದರು. ಸಾಸ್ತಾನದ ಟೋಲ್ ದಾಟಿತು, ಕುಂದಾಪುರವೂ ದಾಟಿತು. ಮನೆಯೆದುರು ಇಳಿದು, ಕಾರು ತಿರುಗಿ ಹೋದ ಮೇಲೆ ಅವರು ಬಾಯಿ ಬಿಟ್ಟರು.

“ನಲ್ವತ್ತೆಂಟ್ ವರ್ಷ ಆಯ್ತ್ ನಾನ್ ಈ ಮನಿಗ್ ಬಂದ್. ನಂಗ್ ಹೇಳ್ದೇ ಇದ್ದದ್ನ ಗುರ್ತ್ ಇಲ್ದ್ ಜನ್ರೆದ್ರ್ ಹೇಳಿ ಬಂದ್ರಿ.”

“ಹೇಳುಕೆ ಆಯ್ಲಿಲ್ಲ.”

“ಆ ಕಾಗ್ದಕ್ಕೆ ಕಟ್ಟ್ ಹಾಕ್ಸಿದ್ದ್ ನಾನ್. ದಿನಾ ಬೆಳಿಗ್ಗೆ ಅದ್ರ ಧೂಳ್ ಒರ್ಸಿದ್ದ್ ನಾನ್. ಅದ್ ಕಂಡಾಗೆಲ್ಲ ನಿಮ್ಗೆ ಹ್ಯಾಂಗ್ ಆತಿದ್ದಿತ್ತ್ ಅಂದೇಳಿ ಒಂದ್ ಮಾತ್ ಹೇಳುಕೆ ಆಯ್ಲಿಲ್ಲ ಅಲ್ದಾ?”

ಜಲಜ ಒಳಗೆ ಹೋಗಿ ಅನ್ನಕ್ಕಿಟ್ಟರು. ಬಡಿಸುವಾಗಲೂ ಮಾತಾಡಲಿಲ್ಲ. ಮರುದಿನ ಪೂರ್ತಿ ಹಾಗೆಯೇ ಕಳೆಯಿತು. ಅದರ ಮರುದಿನ ಬಂಗುಡೆ ಮೀನು ಹೆಚ್ಚುತ್ತಾ ಕುಳಿತ ಜಲಜ ತಲೆ ಎತ್ತದೆ ಕೇಳಿದರು, “ಆ ಇನ್ನೊಬ್ಬನಿಗೆ ಎಷ್ಟ್ ಪ್ರಾಯ ಇದ್ದೀತ್?”

“ನನ್ ಪ್ರಾಯವೇ ಇದ್ದೀತ್.”

“ಮನಿಯಲ್ ತಾಯಿ ಇದ್ದಿರ್ಬಹುದ್.”

“ಇದ್ದಿರ್ಬಹುದ್.”

ಜಲಜ ಕೈ ತೊಳೆದುಕೊಂಡು ಬಂದು ಅವರ ಹತ್ತಿರ ಕುಳಿತರು. ಕುಷ್ಟರು ಸಭೆಯಲ್ಲಿ ಹೇಳದೆ ಬಿಟ್ಟದ್ದನ್ನೂ ಹೇಳಿದರು. ಬದುಕಿದವನು ಆ ಇಡೀ ದಿನ ಹಡಗಿನಲ್ಲಿ ತಮ್ಮ ಪಕ್ಕವೇ ಕುಳಿತು ಒಂದೇ ಹೆಸರನ್ನು ಹೇಳುತ್ತಿದ್ದನೆಂದೂ, ಅದು ಸತ್ತವನದೋ ಊರಿನದೋ ದೇವರದೋ ತಮಗೆ ತಿಳಿಯಲಿಲ್ಲವೆಂದೂ, ಕೇಳುವ ಧೈರ್ಯ ಬರಲಿಲ್ಲವೆಂದೂ, ಈಗ ಆ ಹೆಸರೂ ಮರೆತುಹೋಗಿದೆಯೆಂದೂ. ಜಲಜ ಅವಸರ ಮಾಡದೆ ಎಲ್ಲವನ್ನೂ ಕೇಳಿದರು.

ಶನಿವಾರ ಬೆಳಿಗ್ಗೆ ಧನ್ಯಶ್ರೀ ಎಂಟು ಜನರನ್ನು ಕರೆದುಕೊಂಡು ಬಂದಳು. ಕುಷ್ಟರು ಅವರನ್ನು ದಡದ ಎತ್ತರದಲ್ಲಿ ನಿಲ್ಲಿಸಿ, ಮೊದಲು ಕಾಲು ಗಂಟೆ ಸುಮ್ಮನೆ ನೋಡಿ ಎಂದರು. ಎಲ್ಲಿ ಅಲೆ ಒಡೆಯುತ್ತದೆ, ಎಲ್ಲಿ ಇಲ್ಲ, ನೊರೆ ಯಾವ ಕಡೆಗೆ ಹೋಗುತ್ತದೆ ಎಂದು ತೋರಿಸಿದರು. ಅಲೆಯಿಲ್ಲದ ಜಾಗ ನೋಡುವವರಿಗೆ ಸೌಮ್ಯವಾಗಿ ಕಾಣುತ್ತದೆ, ಪರವೂರಿನವರು ಇಳಿಯುವುದೂ ಅಲ್ಲೇ ಎಂದರು. ಒಬ್ಬ ಕಾನ್‌ಸ್ಟೇಬಲ್ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಬಿದಿರಿನ ಗಳದಿಂದ ಅಳೆಯುತ್ತಾ ಹೋದ. ಅವನ ಮೊಣಕಾಲಿನಷ್ಟಿದ್ದ ನೀರು ಮೂರು ಹೆಜ್ಜೆ ಆಚೆ ಇಡೀ ಗಳವನ್ನು ನುಂಗಿತು.

“ಇಲ್ಲೇ ಕೆಂಪ್ ಬಾವುಟ ಹಾಕ್ಸ್ತೆ” ಎಂದಳು ಧನ್ಯಶ್ರೀ, ಪುಸ್ತಕದಲ್ಲಿ ಬರೆದುಕೊಳ್ಳುತ್ತಾ.

“ಇಲ್ ಹಾಕಿ ಪ್ರಯೋಜ್ನ ಇಲ್ಲ” ಎಂದು ಹಿಂದಿನಿಂದ ಜಲಜರ ದನಿ ಕೇಳಿತು. ಅವರೂ ಬಂದಿದ್ದರು. ಹುಡುಗಿಯಾಗಿದ್ದಾಗ ಕುಂದಾಪುರದ ಕೋಡಿಯಲ್ಲಿ ಅಪ್ಪನ ಜೊತೆ ದಡದಿಂದ ಬಲೆ ಎಳೆದವರು ಅವರು. “ಈ ಗುಂಡಿ ಒಂದೇ ಕಡೆ ನಿಂತ್ಕಣುದಿಲ್ಲ. ಗಾಳಿ ತಿರ್ಗಿದ್ರೆ ಅದೂ ಸರಿತ್ತ್. ವಾರ ವಾರ ಕಂಡ್ ಬಾವುಟ ಕಿತ್ತ್ ಬೇರೆ ಕಡೆ ನೆಡ್ಕ್. ಇವ್ರ್ ದೋಣಿಯಲ್ ಹೋಪವ್ರ್, ದಡದ್ ಸುದ್ದಿ ಇವ್ರಿಗೆ ಅರ್ಧವೇ ಗೊತ್ತಿಪ್ಪುದ್.”

ಕಾನ್‌ಸ್ಟೇಬಲ್‌ಗಳು ನಕ್ಕರು. ಕುಷ್ಟರೂ ನಕ್ಕು, ಅದು ಹೌದು ಎಂದು ಒಪ್ಪಿಕೊಂಡರು.

“ಹಂಗಾರ್ ಅಮ್ಮ, ನೀವೂ ವಾರ ವಾರ ಬರ್ಕ್” ಎಂದಳು ಧನ್ಯಶ್ರೀ.

“ಬತ್ತೆ. ಒಂಬತ್ತ್ ಗಂಟಿಯೊಳ್ಗೆ ಮುಗಿಸ್ಕ್, ಮೀನ್ ಪೇಟಿಗೆ ಹೋಪುದಿತ್ತ್.”

ಹಾಗೆ ಶನಿವಾರಗಳ ಕೆಲಸ ಶುರುವಾಯಿತು. ಬಾವುಟ ಎಲ್ಲಿ ನೆಡಬೇಕೆಂದು ಗಂಡ ಹೆಂಡತಿಗೆ ಪ್ರತಿ ವಾರವೂ ಚರ್ಚೆಯಾಗುತ್ತದೆ. ಹೆಚ್ಚಿನ ಸಲ ಜಲಜ ತೋರಿಸಿದ ಕಡೆಯಲ್ಲೇ ಗಳ ಮುಳುಗುತ್ತದೆ.