ತಾತ ಬಂತು

ಮೂರು ವರ್ಷವಾದರೂ ಮಗಳ ನಾಲಿಗೆಗೆ ‘ಕ’ ಹತ್ತಿರಲಿಲ್ಲ, ‘ಗ’ ಕೂಡ. ಕೋತಿ ಅವಳಿಗೆ ‘ತೋತಿ’. ಗಡ್ಡ ಬಿಟ್ಟಿದ್ದ ಪಕ್ಕದ ಮನೆಯವರು ‘ದಡ್ಡ ಮಾಮ’. ಅಂಗಿ ಕಾರ್ಖಾನೆಯಲ್ಲಿ ದಿನವಿಡೀ ಕಾಲರ್ ಹೊಲಿದು ಬರುವ ತಾಯಿಗೆ ಈ ಮಾತು ಕೇಳಿದರೆ ದಣಿವೇ ಮರೆತುಹೋಗುತ್ತಿತ್ತು.

ಒಂದು ಸಂಜೆ ಮಗಳು ಮಡಿಲೇರಿ, "ಅಮ್ಮಾ, ತಾತ ಬಂತು. ಬನ್ನು ತಿಂತು," ಎಂದಳು.

ತಾಯಿಯ ನಗು ಅಲ್ಲಿಗೇ ನಿಂತಿತು. ಗಂಡನ ತಂದೆ ಎಂದೋ ತೀರಿಕೊಂಡಿದ್ದರು. ಉಳಿದವರು ಅವಳ ಅಪ್ಪ. ಬೇಕರಿಯವನನ್ನು ಮದುವೆಯಾದಳೆಂದು ಮುನಿಸಿಕೊಂಡವರು ಮಗು ಹುಟ್ಟಿದಾಗಲೂ ಇತ್ತ ತಲೆ ಹಾಕಿರಲಿಲ್ಲ. ಇನ್ನು ನನ್ನ ಮನೆ ಹೊಸಿಲು ತುಳಿಯುವುದು ಬೇಡ ಎಂದು ಅವಳೂ ಹೇಳಿ ಕಳಿಸಿದ್ದಳು.

"ಯಾವ ತಾತನೇ?"

ಉತ್ತರ ಗಂಡನಿಂದ ಬಂತು. ಅವನಿಗೆ ರಾತ್ರಿ ಪಾಳಿ. ಹಗಲು ಮಗುವನ್ನು ನೋಡಿಕೊಳ್ಳುವವನು ಅವನೇ. "ಅಯ್ಯೋ, ಕಾಗೆ ಕಣೇ. ಕಾ ಕಾ ಅನ್ನುತ್ತಲ್ಲ, ಅದು ಇವಳ ಬಾಯಲ್ಲಿ ತಾತ ಆಗಿದೆ," ಎಂದ. ಹೇಳುವಾಗ ಅವಳತ್ತ ನೋಡಲಿಲ್ಲ.

ಮರುದಿನ ಅವಳು ಚಿತ್ರದ ಪುಸ್ತಕ ತೆರೆದು ಕಾಗೆಯ ಮೇಲೆ ಬೆರಳಿಟ್ಟಳು. "ಇದೇನು ಪುಟ್ಟೀ?"

"ತಾದೆ!"

ಹಾಗಾದರೆ ತಾತ ಯಾರು?

"ತಾತ ಬಂದು ಏನ್ ಮಾಡ್ತು?"

"ತೆಮ್ತು." ಮಗಳು ಎದೆ ಹಿಡಿದುಕೊಂಡು ಕೆಮ್ಮಿ ತೋರಿಸಿದಳು. "ಆಮೇಲೆ ತನ್ನಡತ ಹುಡುತ್ತು."

ಕೆಮ್ಮುತ್ತಾ ಕನ್ನಡಕ ಹುಡುಕುವ ಕಾಗೆಯನ್ನು ಅವಳು ಎಲ್ಲೂ ಕಂಡಿರಲಿಲ್ಲ. ಅಂದಿನಿಂದ ಮನೆಯ ಒಂದೊಂದು ವಸ್ತುವೂ ಅವಳ ಕಣ್ಣಿಗೆ ಚುಚ್ಚತೊಡಗಿತು. ತೊಳೆದು ಬೋರಲು ಹಾಕಿದ ಎರಡು ಲೋಟ. ಕಿಟಕಿಯ ಹತ್ತಿರಕ್ಕೆ ಸರಿದ ಕುರ್ಚಿ. ಗಂಡ ಸೀಟಿ ಹೊಡೆದರೂ ಅನುಮಾನ, ಸುಮ್ಮನಿದ್ದರೂ ಅನುಮಾನ. ಕೊನೆಗೆ ಒಂದು ದಿನ ತಲೆನೋವೆಂದು ಹೇಳಿ ಮಧ್ಯಾಹ್ನವೇ ಹೊರಟುಬಂದಳು.

ಬಾಗಿಲು ಓರೆಯಾಗಿತ್ತು. ಒಳಗಿಂದ ಮಗಳ ಗದರಿಕೆ ಕೇಳಿಸಿತು.

"ತೋತಿ ಅನ್ನು!"

"ತೋತಿ," ಎಂದಿತು ಮುದಿ ದನಿ.

"ತೋತಿ ಅಲ್ಲಾ! ತೋತಿ!"

"ಕೋತಿ."

"ಹಾಂ, ಈಗ ಸರಿ ಹೇಳ್ದೆ."

ಆ ದನಿಯನ್ನು ಅವಳು ಮರೆತಿರಲಿಲ್ಲ. ಬಾಗಿಲು ತಳ್ಳಿದಳು. ಅಪ್ಪ ಗಡಬಡಿಸಿ ಎದ್ದರು. ತುಂಬಾ ಬಡವಾಗಿದ್ದರು. ಗಂಡ ಅಡುಗೆಮನೆಯ ಬಾಗಿಲಲ್ಲೇ ನಿಂತುಬಿಟ್ಟ.

"ಯಾವಾಗಿಂದ ನಡೀತಿದೆ ಈ ನಾಟಕ?"

"ಅವರನ್ನ ಬೈಬೇಡಮ್ಮ," ಎಂದರು ಅಪ್ಪ. "ಕಾಡಿ ಬೇಡಿ ಒಪ್ಪಿಸಿದ್ದು ನಾನೇ. ನಿನ್ನ ಮುಂದೆ ನಿಲ್ಲೋಕೆ ಮುಖ ಇರ್ಲಿಲ್ಲ." ಅಷ್ಟು ಹೇಳಿ ಚಪ್ಪಲಿಯತ್ತ ನಡೆದರು.

ಮಗಳು ಓಡಿಬಂದು ಬಾಗಿಲಿಗೆ ಅಡ್ಡ ನಿಂತಳು. "ತಾತಾ, ಹೋದ್ಬೇಡ!"

ತಾಯಿ ಕುರ್ಚಿಯನ್ನು ಅಪ್ಪನತ್ತ ಸರಿಸಿದಳು. ಸಿಟ್ಟು ಮಾತ್ರ ಇಳಿದಿರಲಿಲ್ಲ. "ಕೂತ್ಕೊಳ್ಳಿ ಅಪ್ಪಾ. ಮಾತು ಅರ್ಧಕ್ಕೇ ಬಿಟ್ಟು ಎದ್ದು ಹೋಗೋ ಚಾಳಿ ಇನ್ನೂ ಹೋಗಿಲ್ವಾ?" ಎಂದಳು. ಗಂಡನತ್ತ ತಿರುಗಿ, "ನಿಮ್ಮನ್ನ ಆಮೇಲೆ ವಿಚಾರಿಸ್ಕೋತೀನಿ," ಎಂದಳು.

ಅಪ್ಪ ಕುರ್ಚಿಯ ತುದಿಯಲ್ಲಿ ಕುಳಿತು, ನಿಜವಾಗಿಯೂ ಇರಲು ಹೇಳಿದಳೋ ಇಲ್ಲವೋ ಎಂಬಂತೆ ತಮ್ಮ ಮಗಳ ಮುಖವನ್ನೇ ನೋಡುತ್ತಿದ್ದರು.