ಬಲಗೈ ತೋಳು

ನನ್ನ ತಂಗಿ ಸಮವಸ್ತ್ರ ಹೊಲಿಯುವ ಅಂಗಡಿಯಲ್ಲಿ ಬಟ್ಟೆ ಕತ್ತರಿಸುವವಳು. ಅಲ್ಲೇ ನಾನು ಗುಂಡಿ ಹಚ್ಚುತ್ತೇನೆ. ಅವಳನ್ನು ಎಲ್ಲರೂ ಕತ್ತರಿಯಮ್ಮ ಎನ್ನುತ್ತಾರೆ. ಅವಳ ನಾಲಿಗೆಗೂ ಆ ಹೆಸರು ಒಪ್ಪುತ್ತದೆ.

ಅವಳಿಗೆ ನಲವತ್ತೆಂಟು ತುಂಬಿದ ವರ್ಷ ಮುಟ್ಟು ತಿಂಗಳು ತಪ್ಪತೊಡಗಿತ್ತು. ರಾತ್ರಿ ಬೆವರಿ ಎದ್ದು ಕೂರುವಳು. ಹಗಲು ಮಾತಿನ ನಡುವೆ ಪದ ಹುಡುಕುವಳು. "ಅಕ್ಕಾ, ಅದು ಕೊಡೇ, ಅದು... ಉದ್ದಕ್ಕೆ ಇರುತ್ತಲ್ಲ" ಎಂದರೆ ಅಳತೆಪಟ್ಟಿ. ನಾವು ನಗುತ್ತಿದ್ದೆವು. ಅವಳೂ ನಗುತ್ತಿದ್ದಳು, ಒಲ್ಲದ ಮನಸ್ಸಿನಿಂದ.

ಒಂದು ಬೆಳಿಗ್ಗೆ ದರ್ಜಿಯೊಬ್ಬ ಅಂಗಿಗೆ ತೋಳು ಕೂಡಿಸಲು ಹೋಗಿ ಕೂಗಿದ: "ಕತ್ತರಿಯಮ್ಮಾ, ಈ ಅಂಗಿ ತೊಡೋರಿಗೆಲ್ಲ ಎರಡೂ ಎಡಗೈನಾ?"

ತೋಳಿಗೆ ಬಟ್ಟೆಯ ಪದರಗಳನ್ನು ಹೊರಮೈಗೆ ಹೊರಮೈ ಕೂಡಿಸಿ ಹಾಸಬೇಕು. ಆಗ ಎಡ, ಬಲ ಜೋಡಿಯಾಗಿ ಬರುತ್ತವೆ. ಅವಳು ಎಲ್ಲ ಪದರದ ಹೊರಮೈಯನ್ನೂ ಮೇಲೆ ಮಾಡಿ ಹಾಸಿದ್ದಳು. ಬಟ್ಟೆಯ ಒಳಮೈ ಒರಟು, ತಿರುಗಿಸಿ ಹೊಲಿಯುವಂತಿಲ್ಲ. ರಾಶಿ ತೋಳು, ಅಷ್ಟೂ ಎಡಗೈಯದು.

ಯಜಮಾನರು ನೋಡಿದರು. ಗದರಲಿಲ್ಲ, ಹೆದರಿಕೆಯಾಗಿದ್ದೇ ಅದಕ್ಕೆ. "ನಾಳೆಯಿಂದ ನೀವು ಇಸ್ತ್ರಿ ನೋಡ್ಕೊಳ್ಳಿ. ಕತ್ತರಿಗೆ ಬೇರೆಯವರನ್ನ ಕರೆಸ್ತೀನಿ" ಎಂದರು.

ಮಧ್ಯಾಹ್ನ ಅವಳು ಬುತ್ತಿ ಬಿಚ್ಚಲಿಲ್ಲ. "ನನಗೆ ಅರಳುಮರಳು ಬಂತಾ ಅಕ್ಕಾ?"

"ಅರವತ್ತು ದಾಟಿದ ನಾನೇ ಸರದಿಯಲ್ಲಿ ನಿಂತಿದ್ದೀನಿ. ನೀನು ನಡುವೆ ನುಗ್ತೀಯೇನೇ?"

ಸಂಜೆ ಅವಳನ್ನು ಡಾಕ್ಟರಮ್ಮನ ಹತ್ತಿರ ಎಳೆದುಕೊಂಡು ಹೋದೆ. ಆಕೆ ಎಲ್ಲ ಕೇಳಿ, ರಕ್ತ ಪರೀಕ್ಷೆಗೆ ಬರೆದುಕೊಟ್ಟು, "ಮುಟ್ಟು ನಿಲ್ಲೋ ಕಾಲದಲ್ಲಿ ಎಷ್ಟೋ ಜನಕ್ಕೆ ಹೀಗೆ ಮಂಕು ಕವಿಯುತ್ತೆ. ಬುದ್ಧಿ ಎಲ್ಲೂ ಹೋಗಿಲ್ಲ. ನಿದ್ದೆ ಸರಿಮಾಡೋಣ. ಒಂದು ಸಲಕ್ಕೆ ಒಂದೇ ಕೆಲಸ ಹಿಡೀರಿ, ಇನ್ನೊಬ್ಬರ ಕೈಲಿ ನೋಡಿಸಿ" ಎಂದರು.

"ಇದನ್ನ ಆ ಗಂಡಸಿಗೆ ಹೇಗೆ ಹೇಳಲಿ?" ಯಜಮಾನರನ್ನು ನೆನೆದು ದಾರಿಯುದ್ದಕ್ಕೂ ಅವಳದು ಇದೇ ರಾಗ.

ಮರುದಿನ ಅವಳೇ ಹೇಳಿದಳು. "ಯಜಮಾನ್ರೇ, ನನಗೆ ಮುಟ್ಟು ನಿಲ್ಲೋ ಕಾಲ. ತಲೆಗೆ ಮಂಕು ಹಿಡಿಯುತ್ತೆ." ಹೊಲಿಗೆ ಯಂತ್ರಗಳೆಲ್ಲ ಒಮ್ಮೆಲೇ ನಿಂತವು. ಯಜಮಾನರು ಫ್ಯಾನು ನೋಡುತ್ತ ನಿಂತರು. ಅವಳು ಮುಂದುವರಿಸಿದಳು: "ಅದೇ ಥಾನಿನಲ್ಲಿ ಬಟ್ಟೆ ಉಳಿದಿದೆ. ಅಷ್ಟೇ ಬಲಗೈ ತೋಳು ಕತ್ತರಿಸಿದ್ರೆ ಒಂದೂ ದಂಡ ಆಗಲ್ಲ. ನನಗೇ ಬಿಡಿ."

"ಇದೂ ಹೋದ್ರೆ ಆ ಬಣ್ಣ ಮತ್ತೆ ಸಿಗಲ್ಲಮ್ಮ."

"ಹೋದ್ರೆ ನಾನೇ ಇಸ್ತ್ರಿಪೆಟ್ಟಿಗೆ ಹಿಡೀತೀನಿ."

ಅವರು ತಡೆಯದೆ ತಮ್ಮ ಮೇಜಿಗೆ ಹೋದರು. ಅವಳು ರೇಡಿಯೊ ಆರಿಸಿ ಬಟ್ಟೆ ಹಾಸಿದಳು. ಬೇಕಿದ್ದದ್ದು ಒಂದೇ ಕೈಯ ತೋಳು, ಅದಕ್ಕೆ ಈ ಸಲ ಬೇಕೆಂದೇ ಎಲ್ಲ ಹೊರಮೈಯೂ ಮೇಲೆ. ತೋಳಿನ ಆಕಾರದ ಕಾಗದವಿಟ್ಟು ಸೀಮೆಸುಣ್ಣದಲ್ಲಿ ಸುತ್ತ ಗೆರೆ ಎಳೆದಳು. ಕತ್ತರಿ ಎತ್ತಿಕೊಂಡವಳು ಕೆಳಗಿಟ್ಟಳು.

"ಅಕ್ಕಾ, ಬಾ. ಸರಿ ಇದೆ ಅನ್ನಬೇಡ. ಕಣ್ಣಿಗೆ ಕಾಣೋದಷ್ಟೇ ಹೇಳು."

"ಬಟ್ಟೆಯ ನುಣುಪು ಮೇಲಿದೆ. ಕಾಗದದ ಮೇಲೆ 'ತೋಳು' ಅಂತ ಬರೆದಿದೆ."

"ಬರೆದದ್ದು ಕಾಣ್ತಿದೆಯಾ?"

"ಎದುರಿಗೇ ಇದೆಯಲ್ಲೇ."

ಅವಳು ಆ ಬರಹದ ಮೇಲೆ ಬೆರಳಿಟ್ಟಳು. "ಕಾಣಬಾರದು. ಬರಹ ಮೇಲಿದ್ರೆ ಎಡಗೈ, ಬಲಗೈಗೆ ಕಾಗದ ಮಗುಚಬೇಕಿತ್ತು. ಮತ್ತೆ ಎಡಗೈನೇ ಆಗ್ತಿತ್ತು."

ಯಾವಾಗ ಬಂದರೋ, ಯಜಮಾನರು ನನ್ನ ಹಿಂದೆಯೇ ಇದ್ದರು. "ಮತ್ತೆ ತಪ್ಪು ಹಾಕಿದ್ರಲ್ಲಮ್ಮ."

"ಹಾಕಿದ್ದೆ" ಎಂದಳು. "ಕತ್ತರಿಸಿಲ್ಲವಲ್ಲ."

ಬ್ರಷ್ಷಿನಿಂದ ಸೀಮೆಸುಣ್ಣದ ಗೆರೆ ಕೊಡವಿದಳು, ಕಾಗದ ಮಗುಚಿ ಮತ್ತೆ ಗೆರೆ ಎಳೆದಳು. ನಾನು ಈಗ ಕಂಡದ್ದನ್ನು ಹೇಳಿದೆ: ನುಣುಪು ಮೇಲಿದೆ, ಬರಹ ಕಾಣುತ್ತಿಲ್ಲ. ಕತ್ತರಿ ಬಟ್ಟೆಗೆ ಇಳಿಯಿತು. ದರ್ಜಿ ಮೊದಲ ಬಲಗೈ ತೋಳನ್ನು ಕೂಡಿಸಿ ನೋಡಿ ಅಂಗಿಯನ್ನು ಎತ್ತಿ ತೋರಿಸಿದ. ಯಜಮಾನರು ತಿರುವಿ ತಿರುವಿ ನೋಡಿ, "ಕತ್ತರಿಗೆ ಬೇರೆಯವರನ್ನ ಕರೆಸೋದು ಬೇಡ" ಎಂದು ಹೊರಗೆ ಹೋದರು.

ತಂಗಿ ತಲೆ ಎತ್ತಲಿಲ್ಲ. "ಮುಂದಿನದು ಕಾಲರ್. ಗುಂಡಿ ಡಬ್ಬ ಇಲ್ಲಿಗೇ ತಂದು ಕೂತ್ಕೋ ಅಕ್ಕಾ" ಎಂದಳು.