ಮಾಸ್ಟ್ರ ಗಂಜಿಗೊಂದು ಸಾಕ್ಷಿ

ಕಾಪುವಿನ ಭುಜಂಗ ಮಾಸ್ಟ್ರು ಹೊಟ್ಟೆಯ ಆಪರೇಷನ್‌ಗೆ ಹೊರಟದ್ದು ಹಿಂದಿನ ಕಾಲದ ರಾಜರು ದಂಡಯಾತ್ರೆಗೆ ಹೊರಟ ಹಾಗೆ. ಹೊಕ್ಕುಳಿನ ಪಕ್ಕ ಹರ್ನಿಯಾ ಉಬ್ಬಿ, ಕರುಳಿನ ಒಂದು ತುಂಡು ಅದರೊಳಗೆ ಹೋಗಿ ಸುಖವಾಗಿ ಕೂತಿತ್ತು. ಹೊಟ್ಟೆ ಕೊಯ್ದೇ ಅದನ್ನು ಹೊರಡಿಸಬೇಕೆಂದು ಮಣಿಪಾಲದ ಡಾಕ್ಟರು ತಾರೀಕು ಕೊಟ್ಟರು. ಅಂದಿನಿಂದ ಮನೆಯಲ್ಲಿ ತಾಲೀಮು ಶುರುವಾಯಿತು.

ಮಾಳಿಗೆಯ ಮಂಚ ಕೆಳಗಿನ ಚಾವಡಿಗೆ ಇಳಿಯಿತು. ಬಚ್ಚಲಿನ ಗೋಡೆಗೆ ಹಿಡಿಕೆ ಬಂತು. ಹೊಲಿಗೆ ಇರುವಾಗ ನೆಟ್ಟಗೆ ಏಳಬಾರದು, ಮಗ್ಗುಲಾಗಿ, ಕಾಲು ಇಳಿಬಿಟ್ಟು, ಕೈಯೂರಿ ಏಳಬೇಕು ಎಂದು ಯಾರೋ ಹೇಳಿದ್ದೇ ಸಾಕಾಯಿತು. ಮಾಸ್ಟ್ರು ಹೆಂಡತಿ ಗುಣವತಿಯನ್ನು ಮಂಚದ ಮೇಲೆ ಮಲಗಿಸಿ ಶಾಲೆಯ ಅಂಗಳದ ಸ್ವರದಲ್ಲಿ ಡ್ರಿಲ್ ಮಾಡಿಸಿದರು.

"ಆಪರೇಷನ್ ನಿಮಗಾ, ನನಗಾ?" ಎಂದಳು ಗುಣವತಿ.

"ನಿನಗೆ ಬಂದರೆ ಅಲ್ವಾ ನನ್ನನ್ನು ಏಳಿಸ್ಲಿಕ್ಕೆ ಆಗುವುದು. ಮಾತಾಡ್ಬೇಡ, ಮಗ್ಗುಲಾಗು."

ಅಷ್ಟಕ್ಕೇ ನಿಲ್ಲಲಿಲ್ಲ. ಒಂದು ದಿನ ಗೊತ್ತಿನವರ ಕಾರು ತರಿಸಿ, ಹೊಟ್ಟೆಗೆ ತಲೆದಿಂಬು ಒತ್ತಿಕೊಂಡು, ಮಣಿಪಾಲದಿಂದ ಉಡುಪಿ ಮಾರ್ಗವಾಗಿ ಕಾಪುವಿನವರೆಗೆ ನಿಧಾನವಾಗಿ ಬಂದರು. ಹಂಪು ಸಿಕ್ಕಿದಲ್ಲೆಲ್ಲ "ಅಯ್ಯೋ" ಎಂದು ಅಭ್ಯಾಸಕ್ಕೆ ನರಳಿದರು. ಹಿಂದಿನ ಸೀಟಿನಲ್ಲಿದ್ದ ಮಗಳು ಮೋಕ್ಷಾ ನಗು ತಡೆಯಲಾಗದೆ ಕಿಟಕಿಯ ಹೊರಗೆ ಮುಖ ಹಾಕಿ ಕೂತಳು.

ಇಷ್ಟೆಲ್ಲ ಸಿದ್ಧತೆಯ ನಡುವೆ ಒಂದು ವಿಷಯವನ್ನು ಮಾತ್ರ ಅವರಿಗೆ ಯಾರೂ ಹೇಳಿರಲಿಲ್ಲ. ಅಥವಾ ಹೇಳುವ ಧೈರ್ಯ ಯಾರಿಗೂ ಬಂದಿರಲಿಲ್ಲ.

ಆಪರೇಷನ್ ಚೆನ್ನಾಗಿಯೇ ಆಯಿತು. ಮರುದಿನ ಬೆಳಿಗ್ಗೆ ನರ್ಸ್ ಜೋಸ್ಲಿನ್ ಬಂದಳು. ಕಾಪುವಿನ ಶಾಲೆಯಲ್ಲಿ ಮಾಸ್ಟ್ರ ಕೈಯಲ್ಲೇ ಲೆಕ್ಕ ಕಲಿತವಳು. ಮೊದಲು ನಮಸ್ಕಾರ ಮಾಡಿದಳು, ಬಿ.ಪಿ. ನೋಡಿದಳು, ಆಮೇಲೆ ಇಡೀ ವಾರ್ಡಿಗೆ ಕೇಳುವಂತೆ ಕೇಳಿದಳು:

"ಸರ್, ಗ್ಯಾಸ್ ಪಾಸ್ ಆಯ್ತಾ?"

ಮಾಸ್ಟ್ರು ಕಿವುಡರಾದರು. ಮೂವತ್ತು ವರ್ಷ ಮುಖ್ಯೋಪಾಧ್ಯಾಯರಾಗಿದ್ದವರು. ಅವರ ಮನೆಯಲ್ಲಿ ಆ ಎರಡಕ್ಷರದ ಶಬ್ದವನ್ನು ಮಕ್ಕಳೂ ಬಾಯಿಬಿಟ್ಟು ಹೇಳಿದ್ದಿಲ್ಲ.

"ಹೇಳಿ ಸರ್, ನಾಚಿಕೆ ಎಂತದು. ಕರುಳು ಎದ್ದು ಕೆಲಸ ಶುರು ಮಾಡಿದೆ ಅಂತ ಗೊತ್ತಾಗುವುದೇ ಅದರಿಂದ. ಅದು ಆಗದೆ ಡಾಕ್ಟರು ಬಾಯಿಗೆ ಒಂದು ಚಮಚ ನೀರೂ ಕೊಡುವುದಿಲ್ಲ."

ಅಲ್ಲಿಂದ ಶುರುವಾಯಿತು ಕಾಯುವ ಕೆಲಸ. ಜೋಸ್ಲಿನ್ ಕೇಳಿದಳು, ಡಾಕ್ಟರು ಕೇಳಿದರು, ನೆಲ ಒರೆಸುವವಳೂ ವಿಚಾರಿಸಿದಳು. ಗುಣವತಿಯಂತೂ ಪೆರ್ಡೂರಿನ ತಂಗಿಗೆ ಫೋನಿನಲ್ಲಿ, "ಇಲ್ಲ ಮಾರಾಯ್ತಿ, ಇನ್ನೂ ಆಗ್ಲಿಲ್ಲ. ಹರಕೆ ಹೇಳಿದ್ದೇನೆ" ಎಂದದ್ದು ಮಾಸ್ಟ್ರ ಕಿವಿಗೇ ಬಿತ್ತು. ಇಂಥ ಕಾರಣಕ್ಕೆ ಹರಕೆ ಹೊರುವುದನ್ನು ಕಂಡು ದೇವರು ಏನೆಂದುಕೊಂಡನೋ ಎಂದು ಅವರು ಕಣ್ಣು ಮುಚ್ಚಿದರು.

ಕಣ್ಣು ಮುಚ್ಚಿದರೆ ಗಂಜಿ ಕಾಣುತ್ತಿತ್ತು. ಕುಚ್ಚಲಕ್ಕಿಯ ಗಂಜಿ, ಬಿಸಿಬಿಸಿ, ಬದಿಯಲ್ಲಿ ಒಂದು ಮಿಡಿ ಉಪ್ಪಿನಕಾಯಿ. ಕಣ್ಣು ತೆರೆದರೂ ಗಂಜಿಯೇ, ಆದರೆ ಅದು ಪಕ್ಕದ ಹಾಸಿಗೆಯ ಲಿಯೋನೆಲ್‌ನದು. ಆತ ಪ್ರತಿ ಚಮಚಕ್ಕೂ ಸುರ್ ಎಂದು ಸದ್ದು ಮಾಡುತ್ತಿದ್ದ. ಆ ಸದ್ದಿಗೆ ಮಾಸ್ಟ್ರ ಅರ್ಧ ಜೀವ ಹೋಗುತ್ತಿತ್ತು.

ಕೊನೆಗೆ ಸಂಜೆ ಜೋಸ್ಲಿನ್ ಬಂದು ಕೇಳಿದಾಗ ಮಾಸ್ಟ್ರು ಚಾವಣಿ ನೋಡುತ್ತಾ, "ಆಯ್ತು" ಎಂದರು.

"ಯಾವಾಗ ಸರ್?"

"ಆಗ... ಆಗಲೇ."

ಹೋಮ್‌ವರ್ಕ್ ಮಾಡದ ಹುಡುಗರ ಮುಖವನ್ನು ಅವರು ಜೀವಮಾನವಿಡೀ ನೋಡಿದ್ದರು. ಆ ಮುಖ ಒಳಗಿನಿಂದ ಹೇಗಿರುತ್ತದೆಂದು ಈಗ ತಿಳಿಯಿತು. ಜೋಸ್ಲಿನ್ ಸ್ಟೆತಸ್ಕೋಪನ್ನು ಅವರ ಹೊಟ್ಟೆಯ ಮೇಲಿಟ್ಟು ತುಂಬ ಹೊತ್ತು ಆಲಿಸಿದಳು.

"ಒಳಗೆ ರಜೆ ಉಂಟು ಸರ್. ಒಂದು ಶಬ್ದ ಇಲ್ಲ. ಸುಳ್ಳು ಹೇಳಿ ಗಂಜಿ ಕುಡಿದರೆ ವಾಂತಿ ಆಗುವುದು ನಿಮಗೇ. ನಾಳೆ ಎದ್ದು ವರಾಂಡದಲ್ಲಿ ನಡೀರಿ."

ಮರುದಿನ ಗುಣವತಿ ಔಷಧಿ ತರಲು ಕೆಳಗೆ ಹೋದ ಹೊತ್ತಿಗೇ ಉಮಾನಾಥರು ಬಂದರು. ಕಾರ್ಕಳದಲ್ಲಿ ಅಕ್ಕಿಮಿಲ್ಲು ಇಟ್ಟುಕೊಂಡವರು. ಅವರ ಮಗ ಪ್ರತೀಕನಿಗೆ ಮೋಕ್ಷಾಳನ್ನು ಕೊಡುವುದೆಂದು ಮಾತಾಗಿ ವಾರ ಕಳೆದಿತ್ತಷ್ಟೆ. ಹೆಣ್ಣು ನೋಡಲು ಬಂದ ದಿನ ಆ ಮನುಷ್ಯ ನಾಲ್ಕು ಮಾತು ಆಡಿದ್ದರೆ ಹೆಚ್ಚು. ಮೀಸೆ ಕೂಡ ಅಲ್ಲಾಡಿರಲಿಲ್ಲ. ಅವರೆದುರು ಮಾಸ್ಟ್ರು ಒಂದು ಗಂಟೆ ಶಿಸ್ತು ಮತ್ತು ಸಭ್ಯತೆಯ ಬಗ್ಗೆ ಮಾತಾಡಿದ್ದರು.

ಉಮಾನಾಥರು ಬ್ರೆಡ್ಡಿನ ಪೊಟ್ಟಣವನ್ನೂ ಮುಸಂಬಿಯನ್ನೂ ಮೇಜಿನ ಮೇಲಿಟ್ಟು ನಿಂತರು. "ಹೇಗಿದ್ದೀರಿ ಮಾಸ್ಟ್ರೇ?"

"ಉತ್ತಮ," ಎಂದರು ಮಾಸ್ಟ್ರು, ಬ್ರೆಡ್ಡಿನಿಂದ ಕಣ್ಣು ಕಿತ್ತು. ಜೋಸ್ಲಿನ್ ಬಂದು ಇವರೆದುರೇ ಆ ಪ್ರಶ್ನೆ ಕೇಳಿದರೆ ಎಂಬ ಹೆದರಿಕೆಗೆ, "ಸ್ವಲ್ಪ ನಡೆಯಲಿಕ್ಕೆ ಉಂಟು" ಎಂದು ಮಗ್ಗುಲಾಗಿ ಎದ್ದರು.

ಇಬ್ಬರೂ ವರಾಂಡದಲ್ಲಿ ಹೊರಟರು. ಮಾಸ್ಟ್ರ ಒಂದು ಕೈ ಹೊಟ್ಟೆಯ ಮೇಲೆ, ಇನ್ನೊಂದು ಬೀಗರ ಮೊಣಕೈಯ ಮೇಲೆ. ಮದುವೆಯ ಹಾಲ್ ಉಡುಪಿಯಲ್ಲೋ ಕಾರ್ಕಳದಲ್ಲೋ ಎಂಬ ಮಾತು ಬಂತು.

"ಎಲ್ಲಿಯಾದರೂ ಆದೀತು. ಗೌರವಕ್ಕೆ ಕುಂದು ಬಾರದ ಹಾಗೆ..." ಎನ್ನುತ್ತಿದ್ದರು ಮಾಸ್ಟ್ರು.

ಆಗ ಅದು ಬಂತು. ಏಳು ಕಡಲಾಚೆಯ ಗುಹೆಯಲ್ಲಿ ನಿದ್ದೆಹೋದ ರಾಕ್ಷಸ ಮೈಮುರಿದು, ಆಕಳಿಸಿ, ಬಾಗಿಲ ಬಂಡೆ ಸರಿಸಿ, ಹೊರಗೆ ಬಂದು ಸುತ್ತ ನೋಡುವಷ್ಟು ದೀರ್ಘವಾಗಿ ಬಂತು. ನಡುವೆ ಒಮ್ಮೆ ಉಸಿರು ತೆಗೆದುಕೊಂಡು ಪುನಃ ಮುಂದುವರಿಯಿತು. ಎದುರಿನಿಂದ ವೀಲ್‌ಚೇರ್ ತಳ್ಳಿಕೊಂಡು ಬರುತ್ತಿದ್ದವನು ನಿಂತು ದಾರಿ ಬಿಟ್ಟ. ಉಮಾನಾಥರು ಗೋಡೆಯ ಮೇಲಿನ ಕೈತೊಳೆಯುವ ವಿಧಾನದ ಚಿತ್ರವನ್ನು ಪರೀಕ್ಷೆಗೆ ಓದುವವರಂತೆ ಓದತೊಡಗಿದರು.

ಇಬ್ಬರೂ ತಿರುಗಿ ಬಂದರು.

ಹಾಸಿಗೆಯ ಬಳಿ ಜೋಸ್ಲಿನ್ ಕಾಯುತ್ತಿದ್ದಳು. ಮಾಸ್ಟ್ರು ಅವಳ ಕಡೆ ಬಾಗಿ ಪಿಸುಗುಟ್ಟಿದರು: "ಆಯ್ತು."

"ನಿನ್ನೆಯೂ ಹೀಗೇ ಹೇಳಿದ್ರಿ ಅಲ್ವಾ ಸರ್."

"ಇವತ್ತು ಸತ್ಯ."

ಅವಳು ಹೊಟ್ಟೆಗೆ ಸ್ಟೆತಸ್ಕೋಪ್ ಇಟ್ಟಳು. "ಸ್ವಲ್ಪ ಗುಡುಗುಡು ಉಂಟು. ಆದರೆ ಅದೊಂದೇ ಸಾಲದು. ಡಾಕ್ಟರು ನನ್ನನ್ನು ಕೇಳ್ತಾರೆ. ಆಗ ಯಾರಾದ್ರೂ ನಿಮ್ಮ ಹತ್ತಿರ ಇದ್ರಾ?"

ಮಾಸ್ಟ್ರು ಕಿಟಕಿ ನೋಡಿದರು, ಬ್ರೆಡ್ಡು ನೋಡಿದರು. ಆ ಕಡೆ ಲಿಯೋನೆಲ್‌ನಿಗೆ ಗಂಜಿಯ ಬಟ್ಟಲು ಬಂತು, ಮುಚ್ಚಳ ತೆಗೆದಾಗ ಹಬೆ ಈ ಕಡೆಗೇ ತೇಲಿತು. ಗೌರವ ಹಿಡಿದುಕೊಂಡರೆ ಇನ್ನೊಂದು ದಿನ ಉಪವಾಸ. ಮಾಸ್ಟ್ರು ಎಂಜಲು ನುಂಗಿ ತಲೆ ಎತ್ತಿದರು.

"ಉಮಾನಾಥರೇ," ಎಂದರು, "ದಯವಿಟ್ಟು ನೀವೇ ಹೇಳಿ ಮಾರ್ರೆ."

ಉಮಾನಾಥರು ಅಂಗಿಯ ಮೇಲಿನ ಗುಂಡಿ ಹಾಕಿಕೊಂಡರು. ಕೋರ್ಟಿನ ಕಟಕಟೆಗೆ ಹತ್ತಿದವರಂತೆ ನೆಟ್ಟಗೆ ನಿಂತರು.

"ನಾನು ಪಕ್ಕದಲ್ಲೇ ಇದ್ದೆ. ಆದದ್ದು ಹೌದು."

"ಸರಿ ಕೇಳಿತಾ ನಿಮಗೆ? ಸಣ್ಣದಾಗಿ ಏನಾದ್ರೂ..."

"ಸಣ್ಣದಲ್ಲ," ಎಂದರು ಉಮಾನಾಥರು. ಸ್ವಲ್ಪ ಯೋಚಿಸಿ, "ಎರಡು ಭಾಗದಲ್ಲಿ ಬಂತು" ಎಂದು ಸೇರಿಸಿದರು.

ಲಿಯೋನೆಲ್ ಚಮಚ ಕೆಳಗಿಟ್ಟು ಚಪ್ಪಾಳೆ ತಟ್ಟಿದ. ಉಮಾನಾಥರ ಮೀಸೆಯ ಒಂದು ತುದಿ ಅಲುಗಿತು, ಮತ್ತೊಂದು ಅಲುಗಿತು, ಆಮೇಲೆ ಇಡೀ ಮನುಷ್ಯನೇ ಕುಲುಕುಲು ಅಲುಗಾಡತೊಡಗಿದ. ಮಾಸ್ಟ್ರು ಎರಡು ಕೈಯಲ್ಲಿ ದಿಂಬನ್ನು ಹೊಟ್ಟೆಗೆ ಒತ್ತಿಕೊಂಡು, "ನಗಿಸ್ಬೇಡಿ ಉಮಾನಾಥರೇ, ಹೊಲಿಗೆ ಬಿಡ್ತದೆ" ಎಂದು ಕಣ್ಣೀರು ಸುರಿಸುತ್ತಾ ನಕ್ಕರು.

ಡಾಕ್ಟರು ಬಂದು ಒಪ್ಪಿದರು. ಮೊದಲು ನೀರು, ಅದು ಒಳಗೆ ಉಳಿದ ಮೇಲೆ ಗಂಜಿಯ ತೆಳಿ. ಔಷಧಿ ತಂದ ಗುಣವತಿ ಬಟ್ಟಲು ಹಿಡಿದು ಕೂತಳು.

"ಭಾವ," ಎಂದರು ಉಮಾನಾಥರು ಹೊರಡುವಾಗ, ಮೊತ್ತಮೊದಲ ಸಲ ಹಾಗೆ ಕರೆದು. "ಇದನ್ನು ನಾನು ಯಾರಿಗೂ ಹೇಳುವುದಿಲ್ಲ. ಆದರೆ ಮನೆಯವಳಿಗೆ ಹೇಳದೆ ಇರಲಿಕ್ಕೆ ಆಗುವುದಿಲ್ಲ."

ಬಟ್ಟಲು ಅರ್ಧವಾಗುವಷ್ಟರಲ್ಲಿ ಗುಣವತಿಯ ಫೋನು ಬಡಿದುಕೊಂಡಿತು.

"ಕಾರ್ಕಳದ ಬೀಗಿತ್ತಿ," ಎಂದಳು ಅವಳು, ಫೋನಿಗೆ ಕೈ ಅಡ್ಡ ಹಿಡಿದು. "ಆಯ್ತಂತೆ ಅಲ್ವಾ ಅಂತ ಕೇಳ್ತಿದ್ದಾರೆ. ಎಂತ ಹೇಳಲಿ?"

ಮಾಸ್ಟ್ರು ಬಟ್ಟಲಿನಿಂದ ತಲೆ ಎತ್ತಲಿಲ್ಲ.

"ಹೌದು ಅಂತ ಹೇಳು," ಎಂದು ಇನ್ನೊಂದು ಚಮಚಕ್ಕೆ ಬಾಯಿ ತೆರೆದರು.